ಕಡಿಮೆ ಶಕ್ತಿ, ಹೆಚ್ಚು ಕಾರು: ವಿಶ್ವ ರ‍್ಯಾಲಿ ಹಿಡಿದಿರುವ ದಾರಿ

2025ರ ಋತು ಶುರುವಾಗುವ ಮೊದಲು ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ದೊಡ್ಡ ಕಾರುಗಳಿಂದ ಎರಡು ಸಂಗತಿಗಳನ್ನು ಕಿತ್ತುಕೊಂಡರು. ಒಂದು, ಎಂಜಿನ್‌ಗೆ ವಿದ್ಯುತ್ ಮೋಟರಿನ ನೆರವು ಕೊಡುವ 100 ಕಿಲೋವ್ಯಾಟ್‌ನ ಹೈಬ್ರಿಡ್ ಘಟಕ. ಇನ್ನೊಂದು, ಎಂಜಿನ್ ಉಸಿರಾಡುವ ರಂಧ್ರದಲ್ಲಿ ಒಂದು ಮಿಲಿಮೀಟರ್. ಕಾರು ಮಂಕಾಗುತ್ತದೆ, ನೋಡುವವರು ಮುಖ ತಿರುಗಿಸುತ್ತಾರೆ ಎಂಬ ಗೊಣಗಾಟವೂ ಎದ್ದಿತ್ತು. ಆಗಸ್ಟ್‌ನಲ್ಲಿ ಫಿನ್ಲೆಂಡ್ ರ‍್ಯಾಲಿ ಮುಗಿದಾಗ ಗೆದ್ದ ಕಾಲೆ ರೊವಾನ್‌ಪೆರಾ ಅವರ ಸರಾಸರಿ ವೇಗ ಗಂಟೆಗೆ 129.95 ಕಿ.ಮೀ. 1973ರಲ್ಲಿ ಚಾಂಪಿಯನ್‌ಷಿಪ್ ಹುಟ್ಟಿದಂದಿನಿಂದ ಅಷ್ಟು ವೇಗದಲ್ಲಿ ಯಾವ ರ‍್ಯಾಲಿಯೂ ಮುಗಿದಿರಲಿಲ್ಲ.

ವರ್ಷದಿಂದ ವರ್ಷಕ್ಕೆ ಸ್ಟೇಜ್‌ಗಳು, ಅಂದರೆ ಕಾರುಗಳು ಒಂದೊಂದಾಗಿ ಹೊರಟು ಗಡಿಯಾರದ ವಿರುದ್ಧ ಓಡುವ ರಸ್ತೆಯ ತುಣುಕುಗಳು, ಬದಲಾಗುತ್ತವೆ, ಮಳೆ ಬಿಸಿಲು ಬದಲಾಗುತ್ತದೆ. ಹಾಗಾಗಿ ಇದೊಂದೇ ಅಂಕಿಯನ್ನು ಹಿಡಿದು ತೀರ್ಪು ಕೊಡಲಾಗದು. ಆದರೂ ರ‍್ಯಾಲಿಯಲ್ಲಿ ವೇಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ‘ಅಶ್ವಶಕ್ತಿಯಿಂದ’ ಎನ್ನುವ ಉತ್ತರ ಸಾಲದು ಎಂಬುದಂತೂ ಖಚಿತ. 2027ಕ್ಕೆ ಬರಲಿರುವ ಹೊಸ ನಿಯಮಗಳು ನಿಂತಿರುವುದೂ ಈ ನಂಬಿಕೆಯ ಮೇಲೆಯೇ.

ಮೊದಲು ಆ ರಂಧ್ರದ ವಿಷಯ. ಈಗಿನ ಮೇಲ್ದರ್ಜೆಯ ಕಾರಿಗೆ ‘ರ‍್ಯಾಲಿ1’ ಎಂದು ಹೆಸರು. ಅದರಲ್ಲಿರುವುದು 1.6 ಲೀಟರ್‌ನ ಟರ್ಬೊ ಎಂಜಿನ್. ಟರ್ಬೊ ಎಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಟರ್ಬೊದ ಬಾಯಿಗೆ ರಿಸ್ಟ್ರಿಕ್ಟರ್ ಎಂಬ ಬಳೆ ಕೂರಿಸಿರುತ್ತಾರೆ. ಎಂಜಿನ್‌ಗೆ ಹೋಗುವ ಗಾಳಿಯಷ್ಟೂ ಅದರ ಮೂಲಕವೇ ಹಾಯಬೇಕು. ಟರ್ಬೊ ಜೋರಾಗಿ ಎಳೆದಂತೆ ಬಳೆಯ ಕತ್ತಿನಲ್ಲಿ ಗಾಳಿಯ ವೇಗ ಏರುತ್ತಾ ಹೋಗಿ ಕೊನೆಗೆ ಶಬ್ದದ ವೇಗ ಮುಟ್ಟುತ್ತದೆ. ಅಲ್ಲಿಗೆ ಮುಗಿಯಿತು. ಇನ್ನೆಷ್ಟೇ ಹೀರಿದರೂ ಒಂದು ಗ್ರಾಂ ಹೆಚ್ಚು ಗಾಳಿ ಒಳಹೋಗದು. ಗಾಳಿಗೆ ಮಿತಿ ಬಿದ್ದರೆ ಸುಡಬಹುದಾದ ಇಂಧನಕ್ಕೂ ಮಿತಿ, ಇಂಧನಕ್ಕೆ ಮಿತಿ ಎಂದರೆ ಶಕ್ತಿಗೂ ಮಿತಿ. ಗಾಳಿಯ ಪ್ರಮಾಣ ರಂಧ್ರದ ವಿಸ್ತೀರ್ಣಕ್ಕೆ ಅನುಗುಣ, ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣ. 36 ಮಿ.ಮೀ. ಇದ್ದದ್ದು 35 ಆದರೆ ಕಳೆಯುವುದು ಶೇ 5.5ರಷ್ಟು ಗಾಳಿ. ಕೆಳದರ್ಜೆಯ ‘ರ‍್ಯಾಲಿ2’ ಕಾರಿನ 32 ಮಿ.ಮೀ. ರಂಧ್ರವನ್ನು 35ಕ್ಕೆ ಹೋಲಿಸಿದರೆ ಶೇ 16ರಷ್ಟು ಕಡಿಮೆ. ಇಡೀ ಕ್ರೀಡೆಯ ಶಕ್ತಿಯನ್ನು ಮೂರು ಮಿಲಿಮೀಟರ್‌ನಲ್ಲಿ ಏರಿಸಿ ಇಳಿಸಬಹುದು.

ಹೀಗೆ ಕತ್ತು ಹಿಸುಕಿದ ಎಂಜಿನ್‌ನ ಸ್ವಭಾವವೇ ಬೇರೆ. ಮೇಲಿನ ಆರ್‌ಪಿಎಂನಲ್ಲಿ ಕೂಗಿಸಿ ಪ್ರಯೋಜನವಿಲ್ಲ, ಗಾಳಿ ಅಲ್ಲಿ ಸಾಲದು. ಹಾಗಾಗಿ ನಡುವಿನ ಆರ್‌ಪಿಎಂನಲ್ಲೇ ಭರ್ತಿ ಟಾರ್ಕ್ (ತಿರುಗಿಸುವ ಬಲ) ಬರುವಂತೆ ಕಟ್ಟುತ್ತಾರೆ. ತಿರುವಿನಲ್ಲಿ ಆಕ್ಸಲರೇಟರ್ ಬಿಟ್ಟಾಗ ಟರ್ಬೊ ನಿಧಾನವಾಗದಂತೆ ಆಂಟಿ-ಲ್ಯಾಗ್ ವ್ಯವಸ್ಥೆ ಇರುತ್ತದೆ. ಕಿಡಿಯನ್ನು ತಡಮಾಡಿ, ತಾಜಾ ಗಾಳಿಯನ್ನು ಎಗ್ಸಾಸ್ಟ್ ಕಡೆಗೆ ತಿರುಗಿಸಿ, ಉಳಿದ ಇಂಧನವನ್ನು ಅಲ್ಲೇ ಉರಿಸಿ ಟರ್ಬೊದ ಚಕ್ರವಾದ ಟರ್ಬೈನ್ ತಿರುಗುತ್ತಿರುವಂತೆ ನೋಡಿಕೊಳ್ಳುವುದು. ಕಾಡಿನಲ್ಲಿ ಪಟಪಟ ಕೇಳಿಸುವ ಸಿಡಿತ ಅದರದೇ. ಟರ್ಬೈನ್ ಮತ್ತು ಮ್ಯಾನಿಫೋಲ್ಡ್ ಕೆಂಡವಾಗಿ ಬೇಗ ಸವೆಯುವುದು ಅದಕ್ಕೆ ತೆರುವ ಬೆಲೆ.

ಇನ್ನು ಹೈಬ್ರಿಡ್. 2022ರಲ್ಲಿ ರ‍್ಯಾಲಿ1 ಬಂದಾಗ ಅದೇ ದೊಡ್ಡ ಸುದ್ದಿ. ಮೋಟರ್, 3.9 ಕಿಲೋವ್ಯಾಟ್-ಅವರ್ ಬ್ಯಾಟರಿ ಮತ್ತು ನಿಯಂತ್ರಣ ವ್ಯವಸ್ಥೆ ಸೇರಿದ 87 ಕೆ.ಜಿ. ಪೆಟ್ಟಿಗೆ ಕಾರಿನ ಹಿಂಭಾಗದಲ್ಲಿ ಕೂತಿತು. ಎಂಜಿನ್ನೂ ಮೋಟರೂ ಒಟ್ಟಿಗೆ ತಳ್ಳಿದರೆ 500 ಎಚ್‌ಪಿ ದಾಟುತ್ತಿತ್ತು. ಆದರೆ ಎಷ್ಟು ಹೊತ್ತು? 3.9 ಕಿಲೋವ್ಯಾಟ್-ಅವರ್ ಅನ್ನು 100 ಕಿಲೋವ್ಯಾಟ್‌ನಲ್ಲಿ ಖರ್ಚು ಮಾಡಿದರೆ ಎರಡೂಕಾಲು ನಿಮಿಷಕ್ಕೆ ಖಾಲಿ. 20 ಕಿ.ಮೀ. ಸ್ಟೇಜ್‌ಗೆ ಸಾಮಾನ್ಯವಾಗಿ ಹತ್ತು ನಿಮಿಷವಾದರೂ ಬೇಕು. ಅದಕ್ಕೇ ಬ್ರೇಕ್ ಹಾಕಿದಾಗ ತುಂಬಿಸಿಕೊಂಡು, ತಿರುವಿನಿಂದ ಹೊರಬರುವಾಗ ಕೆಲವೇ ಸೆಕೆಂಡು ಬಳಸುವ ಲೆಕ್ಕಾಚಾರ. ಆ ಕೆಲವು ಸೆಕೆಂಡಿಗಾಗಿ ಉಳಿದ ಸಮಯವೆಲ್ಲ ಭಾರ ಹೊರಬೇಕಿತ್ತು. ಘಟಕ ತೆಗೆದ ಮೇಲೆ ಕನಿಷ್ಠ ತೂಕ 1,260 ಕೆ.ಜಿ.ಯಿಂದ 1,180ಕ್ಕೆ ಇಳಿಯಿತು. ಒಳಗೆ ಕೂತ ಚಾಲಕ, ಸಹಚಾಲಕ ಇಬ್ಬರನ್ನೂ ಸೇರಿಸಿದರೆ ಪ್ರತಿ ಬ್ರೇಕಿಂಗ್‌ನಲ್ಲಿ ಕರಗಿಸಬೇಕಾದ ಶಕ್ತಿ ಶೇ 5ಕ್ಕಿಂತ ಹೆಚ್ಚು ತಗ್ಗಿತು. ಟೈರ್‌ಗೆ, ಡ್ಯಾಂಪರ್‌ಗೆ, ಬ್ರೇಕ್‌ಗೆ ಎಲ್ಲಕ್ಕೂ ಇದು ಬಿಡುವು.

ತೂಕಕ್ಕಿಂತ ದೊಡ್ಡ ತಲೆನೋವು ಬೇರೆಯೇ ಇತ್ತು. ಘಟಕ ಮೊಹರು ಹಾಕಿದ ಪೆಟ್ಟಿಗೆ. ತಂಡದ ಮೆಕ್ಯಾನಿಕ್‌ಗಳು ಬಿಚ್ಚುವಂತಿರಲಿಲ್ಲ, ಕೆಟ್ಟರೆ ಸರಬರಾಜುದಾರರಿಗೇ ಕಳಿಸಬೇಕು. ಗುಂಡಿಗೆ ಬಿದ್ದೋ ಮರಕ್ಕೆ ತಾಗಿಯೋ ನಿಗದಿತ ಮಿತಿ ಮೀರಿದ ಆಘಾತವಾದರೆ ಅದು ತಾನೇ ಬಂದ್ ಆಗುತ್ತಿತ್ತು. ಕಾರಿನ ಮೇಲಿನ ದೀಪ ಹಸಿರಿದ್ದರಷ್ಟೇ ಮುಟ್ಟಬಹುದು, ಕೆಂಪಾದರೆ ದೂರ ನಿಲ್ಲಬೇಕು. ಚಕ್ರ ಹಿಡಿದಿರುವ ಸಸ್ಪೆನ್ಷನ್ ತೋಳು ಬಾಗಿದರೆ ರಸ್ತೆ ಬದಿಯಲ್ಲೇ ಬಡಿದು ನೆಟ್ಟಗೆ ಮಾಡಿ ಮುಂದೆ ಹೋಗುವ ಕ್ರೀಡೆಗೆ ಈ ಮಡಿ ಒಗ್ಗಲಿಲ್ಲ. ಬ್ಯಾಟರಿ ತಂತ್ರಜ್ಞಾನ ಕೆಟ್ಟದ್ದು ಎಂದಲ್ಲ, ಅದನ್ನು ತಂದಿಟ್ಟ ಜಾಗ ಸರಿಯಿರಲಿಲ್ಲ.

ರ‍್ಯಾಲಿ1ರಿಂದ ಉಳಿಸಿಕೊಳ್ಳಬೇಕಾದದ್ದು ಅದರ ಪಂಜರ. ಅದಕ್ಕೂ ಮೊದಲು ಷೋರೂಮ್ ಕಾರಿನ ತಗಡಿನ ಮೈಗೆ ಒಳಗಿನಿಂದ ಕೊಳವೆಗಳನ್ನು ಬೆಸೆಯುತ್ತಿದ್ದರು. 2022ರಿಂದ ಇಡೀ ಅಸ್ಥಿಪಂಜರವೇ ಉಕ್ಕಿನ ಕೊಳವೆಗಳದ್ದು, ಹೊರಮೈ ಬರೀ ಹೊದಿಕೆ. ಆ ವರ್ಷದ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಏಡ್ರಿಯನ್ ಫೊರ್ಮೊ ಅವರ ಕಾರು ರಸ್ತೆಯಿಂದ ಹಾರಿ ಕೊರಕಲಿಗೆ ಉರುಳಿತು. ಇಬ್ಬರೂ ನಡೆದುಕೊಂಡೇ ಹೊರಬಂದರು.

ಹಾಗಾದರೆ ಸಮಯ ಗೆಲ್ಲುವುದು, ಕಳೆಯುವುದು ಎಲ್ಲಿ? ನೆಲದಲ್ಲಿ. ಜಲ್ಲಿ ರಸ್ತೆಯನ್ನು ಹತ್ತಿರದಿಂದ ನೋಡಿದರೆ ಅದು ಎರಡು ಪದರ: ಮೇಲೆ ಉರುಳಾಡುವ ಸಡಿಲ ಕಲ್ಲು ಮಣ್ಣು, ಕೆಳಗೆ ಗಟ್ಟಿ ನೆಲ. ಟೈರ್‌ನ ಗುಬುಟುಗಳು ಮೇಲಿನ ಪದರದ ಮೇಲೆ ತೇಲಿದರೆ ಹಿಡಿತವಿಲ್ಲ, ಗಟ್ಟಿ ನೆಲಕ್ಕೆ ಕಚ್ಚಿಕೊಂಡರೆ ಇದೆ. ಮೊದಲು ಹೋಗುವ ಕಾರು ಪೊರಕೆಯಂತೆ ಗುಡಿಸಿಕೊಂಡು ಹೋಗುತ್ತದೆ. ಎರಡನೆಯದಕ್ಕೆ ಸ್ವಲ್ಪ ವಾಸಿ, ಐದನೆಯದಕ್ಕೆ ಗೆರೆ ಎಳೆದಂತೆ ಸ್ವಚ್ಛ ಹಾದಿ. ಒಣ ರಸ್ತೆಯಲ್ಲಿ ಇದು ಕಿಲೋಮೀಟರಿಗೆ ಸೆಕೆಂಡಿನ ಭಾಗಗಳ ಲೆಕ್ಕ, ದಿನದ ಕೊನೆಗೆ ಹತ್ತಾರು ಸೆಕೆಂಡು. ನಿಯಮದ ಪ್ರಕಾರ ಮೊದಲ ಪೂರ್ಣ ದಿನ ಚಾಂಪಿಯನ್‌ಷಿಪ್ ಅಂಕಪಟ್ಟಿಯಲ್ಲಿ ಮುಂದಿರುವವರೇ ಮೊದಲು ಹೊರಡಬೇಕು. ಆಮೇಲಿನ ದಿನಗಳಲ್ಲಿ ಹಿಂದುಳಿದವರು ಮೊದಲು, ಮುಂದಿರುವವರು ಕೊನೆಗೆ. ಮುನ್ನಡೆಯಲ್ಲಿರುವುದಕ್ಕೇ ಶಿಕ್ಷೆ!

ಡಾಂಬರಿನಲ್ಲಿ ಎಲ್ಲ ತಿರುವುಮುರುವು. ಮುಂದಿನವರು ತಿರುವಿನ ಒಳಅಂಚನ್ನು ಕತ್ತರಿಸಿ ಹೋಗುತ್ತಾ ಮಣ್ಣನ್ನು ರಸ್ತೆಗೆ ಎಳೆದು ತರುತ್ತಾರೆ. ಹಿಂದಿನವರಿಗೆ ಸಿಗುವುದು ಜಾರುಬಂಡೆ. ಸ್ವೀಡನ್‌ನ ಹಿಮದಲ್ಲಿ ಹೊಸ ಹಿಮ ಬಿದ್ದಿದ್ದರೆ ಮೊದಲಿಗನಿಗೆ ಕಷ್ಟ. ಹಿಮ ತೆಳುವಾಗಿ ಕೆಳಗಿನ ಜಲ್ಲಿ ಮೇಲೆದ್ದರೆ ಕೊನೆಯವರಿಗೆ ಕಷ್ಟ, ಟೈರ್‌ನ ಮೊಳೆಗಳು ಕಿತ್ತುಬರುತ್ತವೆ. ಅಲ್ಲಿ ಬಳಸುವ ಒಂದೊಂದು ಟೈರ್‌ನಲ್ಲಿ 384 ಮೊಳೆಗಳಿರುತ್ತವೆ. ಟೈರ್ ಬೇಕೆಂದೇ ಕಿರಿದು. ಅಗಲದ್ದಾದರೆ ಹಿಮದ ಮೇಲೆ ತೇಲುತ್ತದೆ. ಕಿರಿದಾದದ್ದು ಹಿಮ ಸೀಳಿ ಕೆಳಗಿನ ಮಂಜುಗಡ್ಡೆಗೆ ಮೊಳೆ ಊರುತ್ತದೆ. ಮಾಂಟೆ ಕಾರ್ಲೊದಲ್ಲಂತೂ ಒಂದೇ ಸ್ಟೇಜ್‌ನಲ್ಲಿ ಒಣ ಡಾಂಬರು, ನೀರು, ಮಂಜುಗಡ್ಡೆ ಮೂರೂ ಎದುರಾಗಬಹುದು. ಆಗ ಎರಡು ಮೊಳೆ ಟೈರ್, ಎರಡು ಡಾಂಬರು ಟೈರ್‌ಗಳನ್ನು ಓರೆಯಾಗಿ, ಅಂದರೆ ಮುಂದಿನ ಎಡಕ್ಕೆ ಹಾಕಿದ್ದನ್ನೇ ಹಿಂದಿನ ಬಲಕ್ಕೂ ಹಾಕಿ ಹೊರಡುವುದುಂಟು. ಯಾವ ನೆಲದಲ್ಲೂ ಪೂರ್ತಿ ಸರಿಯಲ್ಲ, ಯಾವುದರಲ್ಲೂ ಪೂರ್ತಿ ಕೈಕೊಡುವುದಿಲ್ಲ. ಚಾಲಕರಿಗೆ ಇದು ಒಂದಿಷ್ಟೂ ಇಷ್ಟವಿಲ್ಲ.

ಪಂಕ್ಚರ್‌ನ ಲೆಕ್ಕವೂ ಹೀಗೆಯೇ. ಸ್ಟೇಜ್ ನಡುವೆ ನಿಲ್ಲಿಸಿ, ಬೆಲ್ಟ್ ಬಿಚ್ಚಿ ಇಳಿದು, ಜಾಕ್ ಕೊಟ್ಟು, ಚಕ್ರ ಬದಲಿಸಿ ಮತ್ತೆ ಹೊರಡಲು ಪಳಗಿದ ಜೋಡಿಗೂ ಒಂದೂವರೆಯಿಂದ ಎರಡು ನಿಮಿಷ ಬೇಕು. ಸ್ಟೇಜ್ ಮುಗಿಯಲು ಮೂರ್ನಾಲ್ಕು ಕಿ.ಮೀ. ಇದ್ದರೆ ಹಾಗೇ ಓಡಿಸುವುದು ಲಾಭ. ಆದರೆ ಹರಿದ ಟೈರ್ ಚಾಟಿಯಂತೆ ಬೀಸುತ್ತಾ ಬ್ರೇಕ್ ಪೈಪನ್ನೋ ವೈರಿಂಗನ್ನೋ ಕಿತ್ತುಹಾಕಿದರೆ ಎರಡು ನಿಮಿಷ ಉಳಿಸಲು ಹೋಗಿ ಇಡೀ ದಿನ ಕಳೆದುಕೊಂಡಂತೆ. ಒಂದು ಸ್ಪೇರ್ ಒಯ್ಯಬೇಕೋ ಎರಡೋ ಎಂಬುದೂ ಇದಕ್ಕೆ ಹೆಣೆದುಕೊಂಡ ಪ್ರಶ್ನೆ. ಪ್ರತಿ ಸ್ಪೇರ್ ಇಪ್ಪತ್ತು ಕೆ.ಜಿ.ಗೂ ಹೆಚ್ಚು ಭಾರ.

ಇವೆಲ್ಲದರ ಮೇಲೆ ಪೇಸ್ ನೋಟ್ಸ್, ಅಂದರೆ ಸಹಚಾಲಕರು ಓಟದ ನಡುವೆ ಓದಿ ಹೇಳುವ ರಸ್ತೆಯ ಟಿಪ್ಪಣಿ. ರ‍್ಯಾಲಿಗೆ ಮೊದಲು ಪ್ರತಿ ಸ್ಟೇಜನ್ನು ನಿಧಾನ ವೇಗದಲ್ಲಿ ಎರಡೇ ಬಾರಿ ನೋಡಲು ಬಿಡುತ್ತಾರೆ. ಮೊದಲ ಸಲ ಬರೆಯುವುದು, ಎರಡನೆಯ ಸಲ ತಿದ್ದುವುದು. ತಿರುವಿನ ಕಡಿದುತನಕ್ಕೊಂದು ಅಂಕಿ, ಮುಂದಿನ ತಿರುವಿಗೆ ಎಷ್ಟು ಮೀಟರ್, ದಿಬ್ಬದಾಚೆ ಏನಿದೆ, ಒಳಅಂಚು ಕತ್ತರಿಸಬಹುದೇ ಇಲ್ಲವೇ. 130 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 36 ಮೀಟರ್ ಸಾಗುತ್ತದೆ. ಸಹಚಾಲಕರ ಮಾತು ಅರ್ಧ ಸೆಕೆಂಡು ತಡವಾದರೆ ಬ್ರೇಕ್ ಹಾಕಬೇಕಾದ ಜಾಗ 18 ಮೀಟರ್ ಹಿಂದೆ ಉಳಿದಿರುತ್ತದೆ. ಇಲ್ಲಿ ನೂರು ಎಚ್‌ಪಿ ಹೆಚ್ಚಿದ್ದರೆ ಏನು ಬಂತು?

2027ರ ನಿಯಮಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ‘ಡಬ್ಲ್ಯುಆರ್‌ಸಿ27’ ಎಂದು ಕರೆಯುತ್ತಿರುವ ಕಾರಿನ ಬೆಲೆಗೆ ಮೋಟರ್ ಕ್ರೀಡೆಯ ಅಂತರರಾಷ್ಟ್ರೀಯ ಆಡಳಿತ ಸಂಸ್ಥೆ ಎಫ್‌ಐಎ ಹಾಕಿರುವ ಮಿತಿ 3,45,000 ಯೂರೋ. ಈಗಿನ ರ‍್ಯಾಲಿ1ಕ್ಕೆ ತಗಲುವುದರಲ್ಲಿ ಅರ್ಧಕ್ಕಿಂತ ಕಡಿಮೆ. ಕೊಳವೆಯ ಪಂಜರ ಉಳಿಯುತ್ತದೆ. ಎಂಜಿನ್ 1.6 ಲೀಟರ್ ಟರ್ಬೊವೇ, ಶಕ್ತಿ ಮಾತ್ರ 300 ಎಚ್‌ಪಿ ಆಸುಪಾಸು. ಬ್ರೇಕ್, ಗೇರ್ ವ್ಯವಸ್ಥೆ, ಸ್ಟಿಯರಿಂಗ್ ಬಿಡಿಭಾಗಗಳು ರ‍್ಯಾಲಿ2 ಕಡೆಯಿಂದ. ಹೊರಮೈ ಹ್ಯಾಚ್‌ಬ್ಯಾಕ್‌ನದ್ದೂ ಆಗಬಹುದು, ಎಸ್‌ಯುವಿಯದ್ದೂ ಆಗಬಹುದು, ಯಾವ ಷೋರೂಮಿನಲ್ಲೂ ಇಲ್ಲದ ಹೊಸ ರೂಪವೂ ಆಗಬಹುದು. ಕಾರು ಕಂಪನಿಯೇ ಆಗಬೇಕೆಂದಿಲ್ಲ, ಸ್ವತಂತ್ರ ತಯಾರಕರೂ ಕಟ್ಟಬಹುದು. ನಿಯಮಗಳ ಆಯಸ್ಸು ಹತ್ತು ವರ್ಷ.

ಈ ಕೊನೆಯ ಎರಡು ಅಂಶಗಳೇ ನಿಜವಾದ ಬದಲಾವಣೆ. 2016ರ ಕೊನೆಗೆ ಫೋಕ್ಸ್‌ವ್ಯಾಗನ್ ಹೊರನಡೆಯಿತು, 2019ರ ಕೊನೆಗೆ ಸಿಟ್ರೊಯೆನ್. ಉಳಿದದ್ದು ಟೊಯೊಟಾ, ಹ್ಯುಂಡೈ, ಮತ್ತು ಫೋರ್ಡ್ ಕಾರು ಓಡಿಸುವ ಎಂ-ಸ್ಪೋರ್ಟ್. ಮೇಲ್ದರ್ಜೆಯಲ್ಲಿ ಹೊರಡುವ ಕಾರು ಹೆಚ್ಚೆಂದರೆ ಒಂದು ಡಜನ್ ಆಸುಪಾಸು. ಯಾವುದೋ ಒಂದು ಕಂಪನಿಯ ಆಡಳಿತ ಮಂಡಳಿ ಕೈಯೆತ್ತಿದರೆ ಚಾಂಪಿಯನ್‌ಷಿಪ್‌ನ ಮೂರನೇ ಒಂದು ಭಾಗ ಮಾಯ. ಅದೇ ಹೊತ್ತಿಗೆ ರ‍್ಯಾಲಿ2 ಕಾರುಗಳು ಪ್ರತಿ ರ‍್ಯಾಲಿಯಲ್ಲೂ ತುಂಬಿರುತ್ತವೆ. ಸ್ಕೋಡಾ ಅಲ್ಲೇ ನೆಲೆಯೂರಿದೆ, ಲ್ಯಾನ್ಸಿಯಾ ಮರಳಲು ಆರಿಸಿಕೊಂಡದ್ದೂ ಅದೇ ದರ್ಜೆ. 2025ರ ಎಸ್ಟೋನಿಯಾದಲ್ಲಿ ರ‍್ಯಾಲಿ2ರಿಂದ ಒಂದು ರ‍್ಯಾಲಿಗೆಂದು ಮೇಲಿನ ಕಾರು ಹತ್ತಿದ ಒಲಿವರ್ ಸೋಲ್ಬರ್ಗ್ ನೇರವಾಗಿ ಗೆದ್ದುಬಿಟ್ಟರು. ಪ್ರತಿಭೆ ಕೆಳಗೆ ಸಾಲುಗಟ್ಟಿ ನಿಂತಿದೆ, ಮೇಲೆ ಸೀಟಿಲ್ಲ. ಅತ್ತ ಮೇಲಿನಿಂದಲೂ ಜನ ಇಳಿಯುತ್ತಿದ್ದಾರೆ: 2025ರ ಕೊನೆಗೆ ರೊವಾನ್‌ಪೆರಾ ಸರ್ಕ್ಯೂಟ್ ರೇಸಿಂಗ್‌ಗೆ ಹೊರಟರು, ಒಟ್ ತಾನಕ್ ಬಿಡುವು ಪಡೆದರು.

ವಿದ್ಯುತ್ತಿನ ಕಥೆ ಮುಗಿಯಿತೇ? ಮುಗಿದಿಲ್ಲ, ಆದರೆ ಸದ್ಯಕ್ಕೆ ಅದು ದೂರದ ಮಾತು. ಪೆಟ್ರೋಲ್‌ನ ಒಂದು ಕೆ.ಜಿ.ಯಲ್ಲಿ ಸುಮಾರು 12 ಕಿಲೋವ್ಯಾಟ್-ಅವರ್ ಶಕ್ತಿ ಅಡಗಿದೆ. ಬ್ಯಾಟರಿಯ ಒಂದು ಕೆ.ಜಿ.ಯಲ್ಲಿ ಅದರ ಐವತ್ತನೇ ಒಂದರಷ್ಟು. ಎಂಜಿನ್ ಮುಕ್ಕಾಲು ಪಾಲನ್ನು ಬಿಸಿಯಾಗಿ ಚೆಲ್ಲುತ್ತದೆ ಎಂದುಕೊಂಡರೂ ಅಂತರ ಬಹಳ. ಜೊತೆಗೆ ಕೀನ್ಯಾದ ಸಫಾರಿಯಲ್ಲಿ ಕಾರು ನೀರು ಹಾಯಬೇಕು, ಹಿಟ್ಟಿನಂಥ ಧೂಳಿನಲ್ಲಿ ಹೂತುಕೊಂಡೇ ಸಾಗಬೇಕು. ಗಾಳಿ ಎಳೆಯಲು ಸ್ನಾರ್ಕೆಲ್ ಕೊಳವೆ ಕಟ್ಟಿಕೊಂಡು ಹೋಗುವ ಜಾಗ ಅದು. ಹಾಗಾಗಿ 2022ರಿಂದ ಹಿಡಿದಿರುವ ದಾರಿ ಪಳೆಯುಳಿಕೆ ಮೂಲವಲ್ಲದ ಇಂಧನ. ಎಂಜಿನ್ ಅದೇ, ಟ್ಯಾಂಕಿನಲ್ಲಿರುವುದು ಬೇರೆ. ಹತ್ತು ವರ್ಷದ ನಿಯಮಚಕ್ರದಲ್ಲಿ ಬೇರೆ ಶಕ್ತಿಮೂಲಗಳಿಗೂ ಬಾಗಿಲು ತೆರೆದಿಟ್ಟಿದ್ದಾರೆ. ಆ ಬಾಗಿಲಲ್ಲಿ ಯಾರಾದರೂ ಬರುವುದು ತಡವಾಗುತ್ತದೆ ಎಂದೇ ನಮ್ಮ ಅಂದಾಜು.

ಹೊಸ ಕಾರು ಬಿಡಿಸದ ಗಂಟು ಹಳೆಯದೇ, ಹೊರಡುವ ಸರದಿಯದು. 2025ರ ಪ್ರಶಸ್ತಿ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ಕೊನೆಯ ರ‍್ಯಾಲಿಯಲ್ಲಿ ತೀರ್ಮಾನವಾಯಿತು. ಸೆಬಾಸ್ಟಿಯನ್ ಓಜಿಯೆ ಒಂಬತ್ತನೇ ಬಾರಿ ಗೆದ್ದು ಸೆಬಾಸ್ಟಿಯನ್ ಲೋಬ್ ಅವರ ದಾಖಲೆ ಸರಿಗಟ್ಟಿದರು. ಎಲ್ಫಿನ್ ಎವಾನ್ಸ್ ಕೇವಲ 4 ಅಂಕ ಹಿಂದೆ. ಓಜಿಯೆ ಆಡಿದ್ದು 14ರಲ್ಲಿ 11 ರ‍್ಯಾಲಿ. ಅವರ ಚಾತುರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಆರಂಭದ ರ‍್ಯಾಲಿಗಳನ್ನು ಬಿಟ್ಟವರು ಅಂಕಪಟ್ಟಿಯಲ್ಲಿ ಕೆಳಗಿದ್ದು, ಜಲ್ಲಿ ರ‍್ಯಾಲಿಯ ಮೊದಲ ದಿನ ಹಿಂದಿನಿಂದ ಹೊರಡುತ್ತಾರೆ. ಋತುವಿಡೀ ಓಡಿದ ಎವಾನ್ಸ್ ತಿಂಗಳುಗಟ್ಟಲೆ ಎಲ್ಲರಿಗೂ ರಸ್ತೆ ಗುಡಿಸಿಕೊಟ್ಟರು. ಕಾರುಗಳ ನಡುವಿನ ಅಂತರ ಕಿರಿದಾದಷ್ಟೂ ಗುಡಿಸಿದ ಹಾದಿಯ ಬೆಲೆ ಏರುತ್ತದೆ. ಸರಿಸುಮಾರು ಒಂದೇ ಶಕ್ತಿಯ ಮೂವತ್ತು ಕಾರು ಒಂದೇ ಜಲ್ಲಿ ಸ್ಟೇಜ್‌ಗೆ ಇಳಿದರೆ, ಮಧ್ಯಾಹ್ನದ ಎರಡನೇ ಸುತ್ತಿಗೆ ಚಕ್ರದ ಗುಣಿಗಳು ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುವಷ್ಟು ಆಳವಾಗುತ್ತವೆ. ಆಗ ಎಂಜಿನ್‌ನ ರಂಧ್ರ ಎಷ್ಟು ಮಿಲಿಮೀಟರ್ ಎನ್ನುವುದಕ್ಕಿಂತ, ನಿಮ್ಮ ಮುಂದೆ ಎಷ್ಟು ಕಾರು ಹೋಗಿವೆ ಎಂಬುದನ್ನೇ ಎಂಜಿನಿಯರ್‌ಗಳು ಮೊದಲು ಕೇಳುತ್ತಾರೆ.