ಮೋಟಾರ್ ನಿಲ್ಲುವ ಗಳಿಗೆಯಲ್ಲಿ ಏನಾಗುತ್ತದೆ?

ಆರ್ಡುಯಿನೋ ಊನೋ ಎಂಬ, ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ಪಿನ್‌ಗೆ ಪುಟ್ಟ ಆಟಿಕೆ ಮೋಟಾರನ್ನು ನೇರವಾಗಿ ಸಿಕ್ಕಿಸಿದರೆ ಕೆಲವೊಮ್ಮೆ ಅದು ತಿರುಗಿಬಿಡುತ್ತದೆ. ತಿರುಗಿತಲ್ಲ ಎಂದು ಹಾಗೇ ಬಿಟ್ಟರೆ ಪಿನ್ ಸುಡಬಹುದು.

ಈ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್‌ನ ಒಂದು ಪಿನ್‌ಗೆ 40 ಮಿಲಿಆಂಪಿಯರ್ ಕೊನೆಯ ಮಿತಿ. 20ರೊಳಗೆ ಇದ್ದರೆ ಕ್ಷೇಮ. ಒಂದು ಎಲ್‌ಇಡಿಗೆ ಅಷ್ಟು ಸಾಕು. ಮೋಟಾರ್‌ಗೆ ಸಾಲದು. ಅದರ ಚಕ್ರವನ್ನು ಬೆರಳಲ್ಲಿ ಒಂದು ಕ್ಷಣ ಹಿಡಿದು ನಿಲ್ಲಿಸಿದರಂತೂ ಕರೆಂಟ್ ಹಲವು ಪಟ್ಟು ಜಾಸ್ತಿಯಾಗುತ್ತದೆ. ತಿರುಗುವ ಮೋಟಾರ್ ಒಂದು ಡೈನಮೋ ಕೂಡ ಹೌದು ಅಲ್ವಾ? ಅದು ಹುಟ್ಟಿಸುವ ವೋಲ್ಟೇಜ್ ಬ್ಯಾಟರಿಗೆ ಎದುರಾಗಿ ನಿಂತು ಕರೆಂಟನ್ನು ತಗ್ಗಿಸುತ್ತದೆ. ನಿಂತ ಮೋಟಾರಿನಲ್ಲಿ ಆ ತಡೆ ಇರುವುದಿಲ್ಲ. ಪ್ರತಿ ಸಲ ಹೊರಡುವಾಗಲೂ ಇದೇ ಕಥೆ.

ಹಾಗಾಗಿ ಮಧ್ಯೆ ಒಂದು ಮಾಸ್‌ಫೆಟ್, ಅಂದರೆ ವೋಲ್ಟೇಜಿನಿಂದ ಆನ್-ಆಫ್ ಆಗುವ ಎಲೆಕ್ಟ್ರಾನಿಕ್ ಸ್ವಿಚ್, ಹಾಕಬೇಕು. ಪಿನ್ ಅದರ ಗೇಟ್‌ಗೆ (ಸ್ವಿಚ್ಚನ್ನು ನಿಯಂತ್ರಿಸುವ ಕಾಲಿಗೆ) ಸನ್ನೆ ಕೊಡುತ್ತದೆ, ಮೋಟಾರಿನ ಕರೆಂಟ್ ಬೇರೆ ಬ್ಯಾಟರಿಯಿಂದ ಬರುತ್ತದೆ. ಬೋರ್ಡಿನ ವೋಲ್ಟೇಜಿಗೇ ಪೂರ್ತಿ ತೆರೆದುಕೊಳ್ಳುವ ಲಾಜಿಕ್ ಲೆವೆಲ್ ಮಾಸ್‌ಫೆಟ್ ಆರಿಸಿ. ಅರ್ಧ ತೆರೆದದ್ದು ಬಿಸಿಯಾಗುತ್ತದೆ. ಗೇಟ್‌ನಿಂದ ಗ್ರೌಂಡ್‌ಗೆ (ಮೈನಸ್ ಕಡೆಗೆ) 10 ಕಿಲೋಓಮ್‌ನ ರೆಸಿಸ್ಟರ್ ಇದ್ದರೆ ಬೋರ್ಡ್ ಶುರುವಾಗುವಾಗ ಮೋಟಾರ್ ತಾನಾಗೇ ತಿರುಗುವುದಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಮೋಟಾರಿನೊಳಗಿನ ಸುರುಳಿ ಕಾಂತಕ್ಷೇತ್ರದಲ್ಲಿ ಶಕ್ತಿಯನ್ನು ಕೂಡಿಟ್ಟಿರುತ್ತದೆ. ಸ್ವಿಚ್ ಆಫ್ ಮಾಡಿದರೂ ಸುರುಳಿಯ ಕರೆಂಟ್ ತಟ್ಟನೆ ನಿಲ್ಲಲಾರದು. ದಾರಿ ಸಿಗದಿದ್ದರೆ ವೋಲ್ಟೇಜ್ ಏರುತ್ತಲೇ ಹೋಗಿ ಮಾಸ್‌ಫೆಟ್ಟನ್ನೇ ಸೀಳಿಕೊಂಡು ಹರಿಯುತ್ತದೆ. ಮೋಟಾರಿನ ಎರಡು ತುದಿಗಳ ನಡುವೆ ಡಯೋಡ್ ಇದ್ದರೆ ಆ ಕರೆಂಟ್ ಅಲ್ಲೇ ಸುತ್ತು ಹೊಡೆದು ತಣ್ಣಗಾಗುತ್ತದೆ. 1ಎನ್4007 ಡಯೋಡನ್ನು ಹತ್ತಿರದಿಂದ ನೋಡಿ: ಕಪ್ಪು ಮೈ, ಒಂದು ತುದಿಯಲ್ಲಿ ಬೆಳ್ಳಿ ಬಣ್ಣದ ಗೆರೆ. ಆ ಗೆರೆ ಬ್ಯಾಟರಿಯ ಪ್ಲಸ್ ಕಡೆಗಿರಬೇಕು. ತಿರುಗುಮುರುಗಾದರೆ ಮಾಸ್‌ಫೆಟ್ ಆನ್ ಆದ ಕೂಡಲೇ ಶಾರ್ಟ್! ಪಿಡಬ್ಲ್ಯೂಎಂನಿಂದ (ಸ್ವಿಚ್ಚನ್ನು ಬಹುಬೇಗ ಆನ್-ಆಫ್ ಮಾಡುತ್ತಾ) ವೇಗ ಬದಲಿಸುವುದಾದರೆ ಚುರುಕಾದ ಶಾಟ್ಕಿ ಡಯೋಡ್, ಉದಾಹರಣೆಗೆ 1ಎನ್5819, ಮೇಲು.

ಒಮ್ಮೆ ಮೋಟಾರ್ ಹೊರಟಾಗಲೆಲ್ಲ ನನ್ನ ಬೋರ್ಡ್ ರೀಸೆಟ್ ಆಗುತ್ತಿತ್ತು. ಎರಡು ಸಂಜೆ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕಿದೆ. ಕೊನೆಗೆ ನೋಡಿದರೆ ಮೋಟಾರ್ ಬೋರ್ಡಿನ 5 ವೋಲ್ಟನ್ನೇ ಎಳೆಯುತ್ತಿತ್ತು. ಬೇರೆ ಬ್ಯಾಟರಿ ಕೊಟ್ಟೆ, ಎರಡರ ಗ್ರೌಂಡನ್ನೂ ಒಂದೇ ತಂತಿಯಲ್ಲಿ ಸೇರಿಸಿದೆ, ಬ್ರಶ್‌ಗಳ (ಮೋಟಾರಿನೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಣುಕುಗಳ) ಕಿಡಿಯ ಗದ್ದಲ ತಗ್ಗಿಸಲು ಮೋಟಾರಿನ ತುದಿಗಳಿಗೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿದೆ. ಅಂದಿನಿಂದ ರೀಸೆಟ್ ಆಗಿಲ್ಲ.