ಜೀವನಾಂಶ: ಯಾವ ದಿನದಿಂದ ಲೆಕ್ಕ?

ವಿಚ್ಛೇದನದ ಮಾತು ಶುರುವಾದ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳು ಕೇಳಿಬರುತ್ತವೆ. ಮಗು ಯಾರ ಹತ್ತಿರ ಇರುತ್ತೆ? ತಿಂಗಳಿಗೆ ಎಷ್ಟು ಸಿಗುತ್ತೆ? ಯಾವಾಗಿನಿಂದ ಸಿಗುತ್ತೆ? ಮೊದಲೆರಡಕ್ಕೆ ನೆಂಟರು, ನೆರೆಯವರು ಎಲ್ಲರೂ ಉತ್ತರ ಕೊಡುತ್ತಾರೆ. ಮೂರನೆಯದನ್ನು ಕೇಳುವವರೇ ಕಡಿಮೆ. ಆದರೆ ಮನೆ ಬಾಡಿಗೆ, ಸ್ಕೂಲ್ ಫೀಸು ನಿಂತಿರುವುದು ಅದರ ಮೇಲೆಯೇ ಅಲ್ವಾ?

ವಿಚ್ಛೇದನದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಕರ್ನಾಟಕದ ಹಿಂದೂಗಳಿಗೆ ಈ ಹಕ್ಕು ಒಂದೇ ದಿನ ಬಂದದ್ದಲ್ಲ. ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿಗೆ 1947ರ ಕಾಯ್ದೆಯಿಂದ ಬಂತು. ಮದ್ರಾಸಿಗೆ ಸೇರಿದ್ದ ಮಂಗಳೂರು, ಬಳ್ಳಾರಿಗೆ 1949ರ ಕಾಯ್ದೆಯಿಂದ. 1955ರ ಹಿಂದೂ ವಿವಾಹ ಕಾಯ್ದೆ ಹೆಚ್ಚುಕಡಿಮೆ ಇಡೀ ದೇಶದ ಹಿಂದೂಗಳಿಗೆ ಒಂದೇ ದಾರಿ ಮಾಡಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿದ್ದು 1976ರಲ್ಲಿ, ಫ್ಯಾಮಿಲಿ ಕೋರ್ಟ್‌ಗಳ ಕಾಯ್ದೆ ಬಂದದ್ದು 1984ರಲ್ಲಿ. ಹಲವು ಸಮುದಾಯಗಳಲ್ಲಿ ಪಂಚಾಯಿತಿ ಮುಂದೆ ಬಿಡುಗಡೆ ಪಡೆಯುವ ರೂಢಿ ಇದಕ್ಕೂ ಮೊದಲೇ ಇತ್ತು. ಅಂಥ ರೂಢಿಯನ್ನು 1955ರ ಕಾಯ್ದೆ ಉಳಿಸಿಕೊಂಡಿದೆ. ಆದರೆ ರೂಢಿಯೇ ಇಲ್ಲದ ಕಡೆ ಛಾಪಾ ಕಾಗದದ ಮೇಲೆ ಸುಮ್ನೆ ಸಹಿ ಹಾಕಿಕೊಂಡರೆ ಮದುವೆ ಮುರಿಯುವುದಿಲ್ಲ. ಇದು ಗೊತ್ತಿಲ್ಲದೆ ಇನ್ನೊಂದು ಮದುವೆಯಾಗಿ ಸಿಕ್ಕಿಬೀಳುವವರಿದ್ದಾರೆ.

ಜೀವನಾಂಶದ ಕಥೆ ಬೇರೆ. ಅದರ ಮುಖ್ಯ ನಿಯಮ ಇರುವುದು ಅಪರಾಧ ಪ್ರಕ್ರಿಯೆಯ ಸಂಹಿತೆಯಲ್ಲಿ, ಎಲ್ಲ ಧರ್ಮದವರಿಗೂ ಅನ್ವಯಿಸುವಂತೆ. ಗಂಡ ಬಿಟ್ಟುಹೋದ ಹೆಂಡತಿ ಮಕ್ಕಳು ಹೊಟ್ಟೆಗಿಲ್ಲದೆ ಬೀದಿಗೆ ಬೀಳಬಾರದು ಎಂಬುದು ಬ್ರಿಟಿಷರ ಕಾಲದ ಯೋಚನೆ. 1898ರ ಸಂಹಿತೆಯ 488ನೇ ಸೆಕ್ಷನ್ ಹುಟ್ಟಿದ್ದು ಹಾಗೆ. 1973ರಲ್ಲಿ ಅದು 125ನೇ ಸೆಕ್ಷನ್ ಆಯಿತು. ಆಗ ಒಂದು ದೊಡ್ಡ ಬದಲಾವಣೆ ಆಯಿತು: ವಿಚ್ಛೇದನ ಆದ ಮೇಲೂ, ಮರುಮದುವೆ ಆಗುವ ತನಕ, ಆಕೆ ಹೆಂಡತಿಯಂತೆಯೇ ಜೀವನಾಂಶ ಕೇಳಬಹುದು. ಇಂದೋರ್‌ನ ಮುಸ್ಲಿಂ ವಿಚ್ಛೇದಿತೆ ಶಾ ಬಾನೊ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದದ್ದು ಇದರ ಬಲದಿಂದ. ಆಕೆಗೆ ಕೆಳಗಿನ ಕೋರ್ಟ್ ಕೊಟ್ಟಿದ್ದು ತಿಂಗಳಿಗೆ 25 ರೂಪಾಯಿ, ಹೈಕೋರ್ಟ್ ಏರಿಸಿದ್ದು 179 ರೂಪಾಯಿ 20 ಪೈಸೆಗೆ. 1985ರ ಆ ತೀರ್ಪು, ಮುಸ್ಲಿಂ ವಿಚ್ಛೇದಿತೆಯರಿಗೆಂದೇ ಬಂದ ಮರುವರ್ಷದ ಕಾಯ್ದೆ, ಆ ಕಾಯ್ದೆಯ ಅರ್ಥ ಬಿಡಿಸಿದ 2001ರ ಡೇನಿಯಲ್ ಲತೀಫಿ ತೀರ್ಪು, ಇವುಗಳ ಬಗ್ಗೆ ಬಹಳ ಚರ್ಚೆ ಆಗಿದೆ. ಮುಸ್ಲಿಂ ವಿಚ್ಛೇದಿತೆಯರೂ 125ರಡಿ ಅರ್ಜಿ ಹಾಕಬಹುದು ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸ್ಪಷ್ಟಪಡಿಸಿತು. ಅದೇ ತಿಂಗಳು ಹಳೆಯ ಸಂಹಿತೆ ಹೋಗಿ ಹೊಸದು ಬಂತು. ಈಗ ಅದು 144ನೇ ಸೆಕ್ಷನ್.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು 2001ರಿಂದ 2020ರ ನಡುವಿನ ಕಾಲ.

2001ರ ತನಕ 125ನೇ ಸೆಕ್ಷನ್‌ನಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. ಗಂಡನ ಸಂಬಳ ಎಷ್ಟೇ ಇರಲಿ, ಒಬ್ಬರಿಗೆ ಅದಕ್ಕಿಂತ ಒಂದು ಪೈಸೆ ಜಾಸ್ತಿ ಕೊಡಿಸುವಂತಿರಲಿಲ್ಲ. ಆ ವರ್ಷದ ತಿದ್ದುಪಡಿ ಮಿತಿಯನ್ನು ಕಿತ್ತುಹಾಕಿತು. ಕೇಸು ಮುಗಿಯುವ ತನಕ ಮಧ್ಯಂತರ ಜೀವನಾಂಶ ಕೊಡಿಸಬಹುದು ಎಂದಿತು. ನೋಟಿಸ್ ತಲುಪಿದ 60 ದಿನದೊಳಗೆ, ‘ಸಾಧ್ಯವಾದಷ್ಟು ಮಟ್ಟಿಗೆ’, ಆ ಅರ್ಜಿ ತೀರ್ಮಾನ ಆಗಬೇಕು ಎಂದಿತು.

ಆ ‘ಸಾಧ್ಯವಾದಷ್ಟು’ ಎಂಬ ಪದದೊಳಗೆ ವರ್ಷಗಳೇ ಕರಗಿಹೋದವು. ಮನೆಗೆ ಬೀಗ ಹಾಕಿದೆ ಎಂದು ನೋಟಿಸ್ ವಾಪಸ್ ಬರುತ್ತೆ. ಆಮೇಲೆ ವಕಾಲತ್ತು, ತಕರಾರು, ಮುಂದಿನ ವಾಯಿದೆ. ಆತ ಸಂಬಳ ಕಡಿಮೆ ತೋರಿಸುತ್ತಾನೆ, ಆಕೆ ತನ್ನ ದುಡಿಮೆ ಹೇಳುವುದಿಲ್ಲ. ಇಬ್ಬರ ಮಾತಿಗೂ ಕಾಗದ ಇರುವುದಿಲ್ಲ. ಕೊನೆಗೆ ನ್ಯಾಯಾಧೀಶರು ಅಂದಾಜಿನ ಮೇಲೆ ಒಂದು ಮೊತ್ತ ಬರೆಯಬೇಕಾಗುತ್ತೆ.

ಯಾವಾಗಿನಿಂದ ಎಂಬ ಪ್ರಶ್ನೆ ಎದ್ದು ಬರುವುದು ಇಲ್ಲೇ. ಆದೇಶದ ದಿನದಿಂದ, ಇಲ್ಲವೇ ಕೋರ್ಟ್ ಹಾಗೆ ಹೇಳಿದರೆ ಅರ್ಜಿಯ ದಿನದಿಂದ ಎಂದು ಸೆಕ್ಷನ್ ಹೇಳುತ್ತದೆ. ಒಂದು ಕೋರ್ಟ್ ಒಂದು ಥರ, ಇನ್ನೊಂದು ಇನ್ನೊಂದು ಥರ. ತಿಂಗಳಿಗೆ 10,000 ರೂಪಾಯಿಯ ಕೇಸು 3 ವರ್ಷ ಎಳೆದರೆ ಈ ಎರಡು ತಾರೀಖುಗಳ ನಡುವಿನ ವ್ಯತ್ಯಾಸ 3,60,000 ರೂಪಾಯಿ. ಆ 3 ವರ್ಷ ಮಗು ಊಟ ಮಾಡಿದೆ, ಶಾಲೆಗೆ ಹೋಗಿದೆ. ಆ ಖರ್ಚು ಎಷ್ಟೋ ಸಲ ತವರಿನವರ ಮೇಲೆ ಬಿದ್ದಿದೆ.

ಇದಕ್ಕೆ ಉತ್ತರ ಸಿಕ್ಕಿದ್ದು 2020ರ ನವೆಂಬರ್ 4ರಂದು, ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ. ಅಲ್ಲಿ ಮಧ್ಯಂತರ ಜೀವನಾಂಶದ ವಿಷಯವೇ 7 ವರ್ಷ ಎಳೆದಿತ್ತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆಯಬೇಕು ಎಂದಿತು. ಕೃಷಿಕರಿಗೆ ಬೇರೆ ನಮೂನೆಯನ್ನೇ ಕೊಟ್ಟಿತು. ಇದು ಸಣ್ಣ ವಿಷಯವಲ್ಲ. ಅಡಿಕೆ ತೋಟಕ್ಕೆ ಸ್ಯಾಲರಿ ಸ್ಲಿಪ್ ಇರುವುದಿಲ್ಲ. ಹಳ್ಳಿಯ ಹೆಣ್ಣುಮಗಳು ಗಂಡನ ಆದಾಯ ತೋರಿಸಲಾಗದೆ ಸೋಲುತ್ತಿದ್ದದ್ದು ಇಲ್ಲಿಯೇ. ಆದರೆ ಈ ಸೂಚನೆಗಳು ಸರಿಯಾಗಿ ಪಾಲನೆ ಆಗುತ್ತಿಲ್ಲ ಎಂದು 2023ರಲ್ಲಿ ಅದೇ ಕೋರ್ಟ್ ಬೇಸರಪಟ್ಟು, ತೀರ್ಪನ್ನು ಮತ್ತೊಮ್ಮೆ ಎಲ್ಲ ಕಡೆ ಕಳುಹಿಸಬೇಕಾಯಿತು.

ಮಗು ಯಾರ ಹತ್ತಿರ ಎಂಬುದಕ್ಕೆ ಇನ್ನೂ ಹಳೆಯ ಕಾನೂನು ಇದೆ, 1890ರದ್ದು. 1956ರ ಹಿಂದೂ ಕಾಯ್ದೆ 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎನ್ನುತ್ತದೆ. ಅದರಾಚೆಗೆ ಕೋರ್ಟ್ ನೋಡುವುದು ಮಗುವಿನ ಹಿತವನ್ನು. ಕರ್ನಾಟಕ ಹೈಕೋರ್ಟ್ 2013ರ ಒಂದು ಪ್ರಕರಣದಲ್ಲಿ ವರ್ಷದ ಅರ್ಧ ತಂದೆಯ ಹತ್ತಿರ, ಅರ್ಧ ತಾಯಿಯ ಹತ್ತಿರ ಎಂದು ಹಂಚಿಕೊಟ್ಟಿತ್ತು. ಎಲ್ಲ ಮನೆಗೂ ಇದು ಹೊಂದುವುದಿಲ್ಲ, ನಿಜ. ಆದರೆ ತಿಂಗಳಿಗೊಮ್ಮೆ ಎರಡು ಗಂಟೆ ಕೋರ್ಟ್ ಕೋಣೆಯಲ್ಲಿ ಅಪ್ಪನನ್ನು ನೋಡುವ ಮಗುವಿಗಿಂತ ಆ ಮಗುವಿಗೆ ಅಪ್ಪ ಹೆಚ್ಚು ಸಿಕ್ಕಿರಬೇಕು. ಇನ್ನೊಂದು ಮಾತು: ಮಗುವನ್ನು ತೋರಿಸಲಿಲ್ಲ ಎಂದು ಹಣ ನಿಲ್ಲಿಸುವುದು, ಹಣ ಬರಲಿಲ್ಲ ಎಂದು ಮಗುವನ್ನು ತೋರಿಸದಿರುವುದು, ಎರಡೂ ಸರಿಯಲ್ಲ. ಮಗುವಿನ ಊಟ ಬೇರೆ, ಭೇಟಿ ಬೇರೆ.

ಆದೇಶ ಆಯಿತು, ಹಣ ಬರಲಿಲ್ಲ. ಆಗ? ಕೋರ್ಟ್ ವಾರಂಟ್ ಹೊರಡಿಸಿ ವಸೂಲಿ ಮಾಡಬಹುದು. ಆಗಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳ ತನಕ ಜೈಲಿಗೆ ಕಳುಹಿಸಬಹುದು. ಜೈಲಿಗೆ ಹೋಗಿಬಂದರೆ ಬಾಕಿ ಮಾಫಿ ಆಯಿತು ಎಂದು ನಂಬಿದವರಿದ್ದಾರೆ. ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1980ರ ದಶಕದಲ್ಲೇ ಹೇಳಿದೆ. ಆದರೆ ಈ ವಾರಂಟ್ ಬೇಕೆಂದರೆ, ಹಣ ಬರಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು. ಇವತ್ತು ಕೊಡುತ್ತಾನೆ, ನಾಳೆ ಕೊಡುತ್ತಾನೆ ಎಂದು ಕಾಯುತ್ತಾ ಈ ಒಂದು ವರ್ಷ ಕಳೆದುಕೊಂಡವರು ತುಂಬ ಜನ. ಹಾಗಾಗಿ ಹಣ ತಪ್ಪಿದ ಮೊದಲ ತಿಂಗಳೇ ತಾರೀಖು ಬರೆದಿಟ್ಟುಕೊಳ್ಳಿ, ಬ್ಯಾಂಕ್ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿ, ಅದನ್ನು ವಕೀಲರ ಹತ್ತಿರ ತೆಗೆದುಕೊಂಡು ಹೋಗಿ.