ಪದ ಪರಿಚಯ: ಔಟ್‌ಪುಟ್ ಟ್ರಾನ್ಸ್‌ಫಾರ್ಮರ್

ಹಳೆಯ ವಾಲ್ವ್ ರೇಡಿಯೊ (ಟ್ರಾನ್ಸಿಸ್ಟರ್ ಬದಲು ಬಿಸಿಯಾಗಿ ಹೊಳೆಯುವ ಗಾಜಿನ ಕೊಳವೆಗಳಿರುವ ಸೆಟ್ಟು) ಬಿಚ್ಚಿದರೆ, ಸ್ಪೀಕರಿನ ಬೆನ್ನಿಗೋ ಚಾಸಿಸ್‌ನ ಮೂಲೆಗೋ ಅಂಟಿಕೊಂಡಂತೆ ಒಂದು ಸಣ್ಣ ಕಬ್ಬಿಣದ ಗಟ್ಟಿ ಕಾಣುತ್ತದೆ. ತೆಳು ತಗಡುಗಳ ನಡುವೆ ಸುತ್ತಿದ ತಂತಿ. ಎರಡು ವೈರು ವಾಲ್ವ್ ಕಡೆಗೆ, ಎರಡು ಸ್ಪೀಕರ್ ಕಡೆಗೆ. ಇದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ವಾಲ್ವುಗಳೆಲ್ಲ ಹೊತ್ತಿಕೊಂಡಿವೆ, ಸ್ಪೀಕರಿನಿಂದ ಮಾತ್ರ ಗುಂಯ್ ಅನ್ನುವ ಸದ್ದೂ ಇಲ್ಲ ಅಂದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಬದಲಿಗೆ ಹೊಸದು ತಂದರೆ ಅದರ ಮೇಲೆ ‘5000 ಓಮ್ : 8 ಓಮ್’ ಅಂತ ಬರೆದಿರುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿ. ಪ್ರೈಮರಿಯಲ್ಲಿ, ಅಂದರೆ ವಾಲ್ವ್ ಕಡೆಯ ಸುರುಳಿಯಲ್ಲಿ, ಸಿಗುವುದು ಕೆಲವು ನೂರು ಓಮ್. ಸೆಕೆಂಡರಿಯಲ್ಲಿ, ಅಂದರೆ ಸ್ಪೀಕರ್ ಕಡೆಯದರಲ್ಲಿ, ಒಂದು ಓಮ್ ಸಿಕ್ಕರೆ ಜಾಸ್ತಿ. ಹಾಗಾದರೆ ಆ 5000 ಎಲ್ಲಿ ಹೋಯಿತು? ಮಾಲೇ ಸರಿಯಿಲ್ಲ ಅಂತ ವಾಪಸ್ ಕೊಡಲು ಹೊರಟವರಿದ್ದಾರೆ. ನಾನೂ ಅವರಲ್ಲಿ ಒಬ್ಬ.

ಆ 5000 ಟ್ರಾನ್ಸ್‌ಫಾರ್ಮರಿನದ್ದೇ ಅಲ್ಲ. ಅದು ವಾಲ್ವಿನ ಕಡೆಯಿಂದ ನೋಡಿದಾಗ ಸ್ಪೀಕರ್ ಕಾಣುವ ಬಗೆ. ವಾಲ್ವಿಗೆ ವೋಲ್ಟೇಜ್ ಜಾಸ್ತಿ, ಕರೆಂಟ್ ಕಡಿಮೆ. ಸ್ಪೀಕರಿಗೆ ಬೇಕಿರುವುದು ಸರಿಯಾಗಿ ಅದರ ಉಲ್ಟಾ. ಇಬ್ಬರನ್ನೂ ನೇರವಾಗಿ ಕಟ್ಟಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಗುತ್ತದೆ. ನಡುವೆ ಈ ದಲ್ಲಾಳಿ ಬೇಕು.

ಲೆಕ್ಕ ಸುಲಭ. ಸೆಕೆಂಡರಿಯ ಒಂದು ಸುತ್ತಿಗೆ ಪ್ರೈಮರಿಯಲ್ಲಿ 25 ಸುತ್ತು ಇದೆ ಅನ್ನಿ. ಪ್ರೈಮರಿಯ ವೋಲ್ಟೇಜ್ ಸೆಕೆಂಡರಿಯಲ್ಲಿ 25ರಲ್ಲಿ ಒಂದು ಪಾಲಾಗುತ್ತದೆ, ಕರೆಂಟ್ 25 ಪಟ್ಟಾಗುತ್ತದೆ. ಹಾಗಾಗಿ ಓಮ್ ಲೆಕ್ಕದಲ್ಲಿ ವ್ಯತ್ಯಾಸ 25 ಸಲ 25, ಅಂದರೆ 625 ಪಟ್ಟು. 8 ಓಮ್ ಸ್ಪೀಕರ್ ಹಾಕಿದರೆ ವಾಲ್ವಿಗೆ ಅದು 5000 ಓಮ್. ಅದೇ ಟ್ರಾನ್ಸ್‌ಫಾರ್ಮರಿಗೆ 4 ಓಮ್ ಸ್ಪೀಕರ್ ಹಾಕಿ ನೋಡಿ, ವಾಲ್ವಿಗೆ ಕಾಣುವುದು ಬರೀ 2500. ಹಳೆಯ ಸೆಟ್ಟುಗಳಲ್ಲಿ ತುಂಬ ಇದ್ದ 3.2 ಓಮ್ ಸ್ಪೀಕರ್ ಹಾಕಿದರೆ 2000. ಅಂದರೆ ಲೇಬಲ್ ಮೇಲಿರುವುದು ಸುತ್ತುಗಳ ಅನುಪಾತ, ಓಮ್ ವೇಷ ಹಾಕಿಕೊಂಡು ಕೂತಿದೆ ಅಷ್ಟೆ.

ಇದು ಗೊತ್ತಿದ್ದರೆ ಬದಲಿ ಹುಡುಕುವುದು ಹಗುರ. ಮೊದಲು ವಾಲ್ವಿನ ನಂಬರ್ ನೋಡಿ. ಒಂಟಿ 6ವಿ6ಗೆ 250 ವೋಲ್ಟಿನಲ್ಲಿ 5000 ಓಮ್ ಬೇಕು. ಇಎಲ್84ಗೆ ಸುಮಾರು 5200. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ಸಣ್ಣ ಸೆಟ್ಟುಗಳ 50ಎಲ್6ಗೆ 110 ವೋಲ್ಟಿನಲ್ಲಿ 2000. ಈಗ ಮೇಲಿನ ಲೆಕ್ಕಕ್ಕೆ ವಾಪಸ್ ಬನ್ನಿ. ‘5000 : 8’ ಅಂತ ಬರೆದ ಟ್ರಾನ್ಸ್‌ಫಾರ್ಮರಿಗೆ 3.2 ಓಮ್ ಸ್ಪೀಕರ್ ಹಾಕಿದರೆ 50ಎಲ್6ಗೆ ಬೇಕಾದ್ದೇ ಸಿಕ್ಕಿತು, ಅಲ್ವಾ? ಪ್ರೈಮರಿ ಆ ವಾಲ್ವಿನ ಕರೆಂಟ್ ತಡೆದುಕೊಳ್ಳುವಂತಿರಬೇಕು, ಅಷ್ಟೆ. ಲೇಬಲ್ ಇಲ್ಲದ ಪೀಸ್ ಸಿಕ್ಕರೆ ಪ್ರೈಮರಿಗೆ 10 ವೋಲ್ಟ್ ಎಸಿ ಕೊಡಿ. ಸೆಕೆಂಡರಿಯಲ್ಲಿ 0.4 ವೋಲ್ಟ್ ಬಂದರೆ ಅನುಪಾತ 25.

ಕರೆಂಟಿನ ಮಾತು ಸುಮ್ನೆ ಹೇಳಿದ್ದಲ್ಲ. ಒಂದೇ ಔಟ್‌ಪುಟ್ ವಾಲ್ವ್ ಇರುವ ಸೆಟ್ಟಿನಲ್ಲಿ ಹಾಡು ಬರಲಿ ಬಿಡಲಿ, 6ವಿ6 ಎಳೆಯುವ ಸುಮಾರು 45 ಮಿಲಿಆಂಪ್ ಡಿಸಿ (ಒಂದೇ ದಿಕ್ಕಿನ ಕರೆಂಟ್) ಪ್ರೈಮರಿಯೊಳಗೆ ಹರಿಯುತ್ತಲೇ ಇರುತ್ತದೆ. ಕಬ್ಬಿಣ ಒಂದೇ ದಿಕ್ಕಿಗೆ ಕಾಂತವಾಗಿ ತುಂಬಿಹೋದರೆ ಸದ್ದಿಗೆ ಜಾಗವೇ ಉಳಿಯುವುದಿಲ್ಲ. ಅದಕ್ಕೇ ಇ ಆಕಾರದ ತಗಡುಗಳನ್ನು ಒಂದು ಕಡೆ, ಐ ಆಕಾರದವನ್ನು ಇನ್ನೊಂದು ಕಡೆ ಇಟ್ಟು ನಡುವೆ ತೆಳು ಕಾಗದ ಸೇರಿಸಿ ಸಂದು ಬಿಟ್ಟಿರುತ್ತಾರೆ. ಹಳೆಯದನ್ನು ಬಿಚ್ಚಿದಾಗ ಆ ಕಾಗದ ಉದುರಿ ಬಿದ್ದರೆ ಕಸ ಅಂತ ಎಸೆಯಬೇಡಿ. ಎರಡು ವಾಲ್ವು ಸರದಿಯಂತೆ ಕೆಲಸ ಮಾಡುವ ಪುಶ್‌ಪುಲ್‌ನಲ್ಲಿ ಪ್ರೈಮರಿಯ ಎರಡು ಅರ್ಧಗಳ ಡಿಸಿ ಒಂದನ್ನೊಂದು ಕಳೆದುಹಾಕುವುದರಿಂದ ಈ ಸಂದು ಬೇಕಿಲ್ಲ. ಹಾಗಂತ ಪ್ರೈಮರಿಯಲ್ಲಿ ಮೂರು ವೈರ್ ಕಂಡ ಕೂಡಲೇ ಪುಶ್‌ಪುಲ್ ಅಂದುಕೊಳ್ಳಬೇಡಿ. ಕೆಲವು ಒಂಟಿ ವಾಲ್ವಿನ ಸೆಟ್ಟುಗಳಲ್ಲಿ ಗುಂಯ್ ಸದ್ದನ್ನು ಕಡಿಮೆ ಮಾಡಲು ಕೆಲವೇ ಸುತ್ತುಗಳ ಆಚೆ ಒಂದು ಟ್ಯಾಪ್, ಅಂದರೆ ಇನ್ನೊಂದು ವೈರು, ತೆಗೆದಿರುತ್ತಾರೆ.

ಸಾರ್ವಜನಿಕ ಧ್ವನಿವರ್ಧಕಗಳ 100 ವೋಲ್ಟ್ ಲೈನ್ ಟ್ರಾನ್ಸ್‌ಫಾರ್ಮರನ್ನೂ ಹಾಕುವವರಿದ್ದಾರೆ. ಅದರ 2 ವಾಟ್ ಟ್ಯಾಪ್ ಲೆಕ್ಕಕ್ಕೆ (100 ಸಲ 100, ಭಾಗಿಸು 2) ಸರಿಯಾಗಿ 5000 ಓಮ್. ಆದರೆ ಅದು ಡಿಸಿ ಹೊರುವುದಕ್ಕೆ ಮಾಡಿದ್ದಲ್ಲ, ಬೇಸ್ ಸೊರಗುತ್ತದೆ. ಸಣ್ಣ ಸೆಟ್ಟಿಗೆ ಸುಧಾರಿಸಿಕೊಳ್ಳಬಹುದು. ಒಳ್ಳೆಯ ಸೆಟ್ಟಿಗೆ ನಾನು ಹಾಕುವುದಿಲ್ಲ.

ಹೊಸದನ್ನು ಬೆಸೆಯುವ ಮೊದಲು ಹಳೆಯದು ಯಾಕೆ ಸತ್ತಿತು ಅಂತ ಕೇಳಿಕೊಳ್ಳಲೇಬೇಕು. ಕೂದಲೆಳೆಯಂಥ ತಂತಿ ತೇವಕ್ಕೆ ಹಸಿರುಗಟ್ಟಿ ತುಂಡಾಗಿದ್ದರೆ ಸರಿ, ವಯಸ್ಸಾಗಿತ್ತು. ಆದರೆ ಎಷ್ಟೋ ಸಲ ಕಳ್ಳ ಬೇರೆ ಕಡೆ ಇರುತ್ತಾನೆ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ) ಸದ್ದು ದಾಟಿಸುವ ಹಳೆಯ ಕಾಗದದ ಕಪ್ಲಿಂಗ್ ಕೆಪಾಸಿಟರ್ ಡಿಸಿ ಸೋರಿಸುತ್ತಿದ್ದರೆ ಗ್ರಿಡ್ ಪ್ಲಸ್ಸಿಗೆ ಏರುತ್ತದೆ. ವಾಲ್ವ್ ಮಿತಿಮೀರಿ ಕರೆಂಟ್ ಎಳೆದು ಪ್ರೈಮರಿಯನ್ನು ಸುಡುತ್ತದೆ. ನಾನು ಒಮ್ಮೆ ಆ ಕೆಪಾಸಿಟರನ್ನು ನೋಡದೆ ಹೊಸ ಟ್ರಾನ್ಸ್‌ಫಾರ್ಮರ್ ಹಾಕಿ ಅದನ್ನೂ ಸುಟ್ಟುಕೊಂಡೆ. ಆಮೇಲೆ ಸೆಟ್ ಆನ್ ಮಾಡಿದರೆ ವಾಲ್ವಿನೊಳಗೆ ಕೆಂಪಗೆ ಒಂದು ಸುರುಳಿ ಕಾಣಿಸಿತು. ವಾಲ್ವಿನೊಳಗೆ ಕರೆಂಟ್ ಬಂದು ಸೇರುವ ತಗಡು, ಅಂದರೆ ಪ್ಲೇಟಿಗೆ, ವೋಲ್ಟೇಜ್ ಬರುವುದು ಪ್ರೈಮರಿಯ ಮೂಲಕ. ಪ್ರೈಮರಿ ತುಂಡಾಗಿ ಪ್ಲೇಟಿಗೆ ವೋಲ್ಟೇಜ್ ಇಲ್ಲ. ಪ್ಲೇಟಿಗೆ ಹೋಗಬೇಕಿದ್ದ ಕರೆಂಟೆಲ್ಲ ಆ ಸುರುಳಿಯ, ಅಂದರೆ ಸ್ಕ್ರೀನ್ ಗ್ರಿಡ್ಡಿನ, ತಲೆಗೆ ಬಿದ್ದಿತ್ತು.

ಸೆಟ್ ಆಫ್ ಮಾಡಿದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ 250–300 ವೋಲ್ಟ್ ಉಳಿದಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿದ ಮೇಲೆಯೇ ಕೈ ಹಾಕಿ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟಾದರೆ ಚಾಸಿಸ್ಸೇ ಮೇನ್ಸಿಗೆ ಕೂಡಿರುತ್ತದೆ, ಇನ್ನೂ ಹುಷಾರು. ಸ್ಪೀಕರ್ ಬಿಚ್ಚಿಟ್ಟು ಸೆಟ್ ಓಡಿಸಬೇಡಿ, ಪ್ರೈಮರಿಯಲ್ಲಿ ವೋಲ್ಟೇಜ್ ಚಿಮ್ಮಿ ಇನ್ಸುಲೇಶನ್ ಹೋಗುತ್ತದೆ. ಎಲ್ಲ ಸರಿಯಾಗಿ ಕೂಡಿಸಿ ಆನ್ ಮಾಡಿದಾಗ ಹಾಡಿನ ಬದಲು ಕಿವಿ ಹರಿಯುವಂಥ ಊಳು ಬಂತಾ? ಗಾಬರಿ ಬೇಡ. ಸೆಕೆಂಡರಿಯಿಂದ ಸದ್ದಿನ ಒಂದು ಪಾಲು ಹಿಂದಕ್ಕೆ ಫೀಡ್‌ಬ್ಯಾಕ್ ಆಗಿ ಹೋಗುವ ಸೆಟ್ಟು ಅದು. ಆಫ್ ಮಾಡಿ, ಸೆಕೆಂಡರಿಯ ಎರಡು ವೈರನ್ನು ಅದಲು ಬದಲು ಮಾಡಿ.